‘ಈ ಗುಳಿಗೆ ನಂಗೆ ಆಗಿಬರಲ್ಲ’: ಒಂದು ಅನುಮಾನ ಸಾಗುವ ದಾರಿ

ನಮ್ಮ ಅಡುಗೆಮನೆಯ ಬಾಗಿಲ ಪಕ್ಕ ತೂಗುವ ಕ್ಯಾಲೆಂಡರೇ ಅಮ್ಮನ ಲೆಕ್ಕದ ಪುಸ್ತಕ. ಹೆಚ್ಚಿಗೆ ಹಾಲು ಹಾಕಿಸಿಕೊಂಡ ದಿನ ಒಂದು ಅಂಕಿ, ಹಾಲಿನವರು ಬಾರದ ದಿನ ಒಂದು ಗೀಟು, ಗ್ಯಾಸ್ ಬಂದ ದಿನ ಒಂದು ಸುತ್ತು. ಕೆಲವು ವರ್ಷಗಳ ಹಿಂದಿನ ಜೂನ್ ಪುಟದಲ್ಲಿ, 2ನೇ ತಾರೀಕಿನ ಮನೆಯೊಳಗೆ, ಪೆನ್ಸಿಲಿನ ಸಣ್ಣ ಅಕ್ಷರದಲ್ಲಿ ‘ಬಿ.ಪಿ. ಗುಳಿಗೆ ಶುರು’ ಎಂದು ಬರೆದಿದ್ದರು. ಅದೇ ಪುಟದ 23ರಲ್ಲಿ ‘ಕೆಮ್ಮಿನ ಔಷಧಿ’. ಜುಲೈ 9ರಲ್ಲಿ ಮತ್ತೆ ‘ಕೆಮ್ಮಿನ ಔಷಧಿ’. ಆಗಸ್ಟ್ ಪುಟದಲ್ಲಿ ‘ಎಕ್ಸ್‌ರೇ’.

ಕಫವಿಲ್ಲದ ಒಣಕೆಮ್ಮು ಅದು. ಮಲಗಿದರೆ ಗಂಟಲಲ್ಲಿ ಕೆರೆತ, ಎದ್ದು ಕೂತರೆ ಸ್ವಲ್ಪ ಸಮಾಧಾನ. ಮಳೆಗಾಲದ ಥಂಡಿ ಎಂದುಕೊಂಡೆವು. ಮೆಣಸಿನ ಕಷಾಯ ಆಯಿತು, ಶುಂಠಿ-ಜೇನು ಆಯಿತು, ಒಂದಾದ ಮೇಲೊಂದು ಸಿರಪ್ ಬಂತು. ಒಂದು ರಾತ್ರಿ ಅಮ್ಮ ಸುಸ್ತಾಗಿ ಹೇಳಿದರು: ‘ಈ ಬಿ.ಪಿ. ಗುಳಿಗೆ ನಂಗೆ ಆಗಿಬರಲ್ಲ ಕಣೋ.’ ನಾನು ಕೇಳಿದ್ದು ಒಂದೇ ಮಾತು: ‘ಬಿ.ಪಿ. ಗುಳಿಗೆಗೂ ಕೆಮ್ಮಿಗೂ ಏನಮ್ಮ ಸಂಬಂಧ?’

ಸಂಬಂಧ ಇತ್ತು. ವೈದ್ಯಕೀಯ ಕಾಲೇಜೊಂದರ ಹೊರರೋಗಿ ವಿಭಾಗದಲ್ಲಿ ಯುವ ವೈದ್ಯೆಯೊಬ್ಬರು ಸ್ಟೆತಾಸ್ಕೋಪ್ ಇಡುವ ಮೊದಲೇ ಕೇಳಿದರು: ‘ದಿನಾ ಯಾವ್ಯಾವ ಗುಳಿಗೆ ತಗೋತೀರಮ್ಮ? ಯಾವತ್ತಿಂದ?’ ಮನೆಗೆ ಫೋನು ಮಾಡಿ ಕ್ಯಾಲೆಂಡರಿನ ಫೋಟೊ ತರಿಸಿಕೊಂಡು ತೋರಿಸಿದೆವು. ಗುಳಿಗೆ ಶುರುವಾದದ್ದಕ್ಕೂ ಕೆಮ್ಮು ಶುರುವಾದದ್ದಕ್ಕೂ ಮೂರು ವಾರದ ಅಂತರ. ಗುಳಿಗೆಯ ಹೆಸರು ಎನಲಾಪ್ರಿಲ್. ಅದನ್ನು ನಿಲ್ಲಿಸಿ ಲೊಸಾರ್ಟನ್ ಎಂಬ ಇನ್ನೊಂದು ಬಿ.ಪಿ. ಗುಳಿಗೆ ಬರೆದುಕೊಟ್ಟರು. ಮೂರು ವಾರದಲ್ಲಿ ಅಮ್ಮ ರಾತ್ರಿಯಿಡೀ ಮಲಗಿದರು.

ಮರುಭೇಟಿಗೆ ಹೋದಾಗ ಆ ವೈದ್ಯೆ ಒಂದು ಹಾಳೆಯ ಫಾರಂ ತೆಗೆದು ಅಮ್ಮನ ವಯಸ್ಸು, ತೂಕ, ತಾರೀಕುಗಳನ್ನು ಬರೆದುಕೊಳ್ಳತೊಡಗಿದರು. ‘ನನ್ನ ಕೆಮ್ಮನ್ನೂ ಸರ್ಕಾರಕ್ಕೆ ಬರೀತೀರಾ?’ ಎಂದು ಅಮ್ಮ ಅಚ್ಚರಿಪಟ್ಟರು. ‘ಬರೀಲೇಬೇಕಮ್ಮ’ ಎಂದರು ಅವರು. ಆ ಹಾಳೆ ಎಲ್ಲಿಗೆ ಹೋಗುತ್ತದೆ, ಅದನ್ನು ಯಾರು ಓದುತ್ತಾರೆ, ಓದಿ ಏನು ಮಾಡುತ್ತಾರೆ ಎಂಬುದನ್ನು ಅವತ್ತಿನಿಂದ ಕೇಳಿ, ಓದಿ ತಿಳಿದುಕೊಂಡೆ. ಔಷಧಗಳ ಪ್ರತಿಕೂಲ ಪರಿಣಾಮವನ್ನು ಬೆನ್ನುಹತ್ತುವ ಸಂಶೋಧಕರ ಕೆಲಸವೆಲ್ಲ ಆ ಒಂದು ಹಾಳೆಯಿಂದ ಶುರುವಾಗುತ್ತದೆ.

ಮಾರಾಟಕ್ಕೆ ಬಂದ ಮೇಲೂ ಮುಗಿಯದ ಪರೀಕ್ಷೆ

ಪೇಟೆಗೆ ಬರುವ ಪ್ರತಿ ಹೊಸ ಔಷಧವನ್ನೂ ಮೊದಲು ಪ್ರಾಣಿಗಳ ಮೇಲೆ, ಆಮೇಲೆ ಒಪ್ಪಿಗೆ ಕೊಟ್ಟ ಮನುಷ್ಯರ ಮೇಲೆ ಪರೀಕ್ಷಿಸಿರುತ್ತಾರೆ. ಹಾಗಿದ್ದರೆ ಅದರ ಕೆಡುಕೂ ಆಗಲೇ ಗೊತ್ತಾಗಬೇಕಲ್ಲ?

ಇದಕ್ಕೆ ಉತ್ತರ ಸರಳ ಲೆಕ್ಕದಲ್ಲಿದೆ. ಒಂದು ಪರಿಣಾಮ ಸಾವಿರಕ್ಕೆ ಒಬ್ಬರಲ್ಲಿ ಕಾಣಿಸಿಕೊಳ್ಳುತ್ತದೆ ಎನ್ನೋಣ. ಅದು ಒಮ್ಮೆಯಾದರೂ ಕಣ್ಣಿಗೆ ಬೀಳುವ ಭರವಸೆ ಶೇ 95ರಷ್ಟು ಇರಬೇಕಾದರೆ ಸಾವಿರ ಜನ ಸಾಲದು, 3,000 ಜನಕ್ಕೆ ಔಷಧ ಕೊಟ್ಟಿರಬೇಕು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ‘ಮೂರರ ನಿಯಮ’ ಎನ್ನುತ್ತಾರೆ. ಅದೇ ಪರಿಣಾಮ ಹತ್ತು ಸಾವಿರಕ್ಕೆ ಒಬ್ಬರಲ್ಲಿ ಆಗುವಂಥದ್ದಾದರೆ 30,000 ಜನ ಬೇಕು. 3,000 ಜನರ ಪರೀಕ್ಷೆಯಲ್ಲಿ ಅದು ಕಾಣದೇ ಹೋಗುವ ಸಾಧ್ಯತೆ ನಾಲ್ಕರಲ್ಲಿ ಮೂರು ಪಾಲು. ಆ ಔಷಧವನ್ನು ಮುಂದೆ 50 ಲಕ್ಷ ಜನ ನುಂಗಿದರೆ, ಪರೀಕ್ಷೆಯಲ್ಲಿ ಒಮ್ಮೆಯೂ ಕಾಣದ ಪರಿಣಾಮ 500 ಮನೆಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಲೆಕ್ಕದ ಜೊತೆಗೆ ಇನ್ನೊಂದು ಕಾರಣವೂ ಇದೆ. ಪರೀಕ್ಷೆಗೆ ಆರಿಸಿಕೊಳ್ಳುವಾಗ ಬಸುರಿಯರು, ಮಕ್ಕಳು, ಮೂತ್ರಪಿಂಡ ಸೋತವರು, ಬೇರೆ ಐದಾರು ಗುಳಿಗೆ ನುಂಗುತ್ತಿರುವ ಹಿರಿಯರು ಸಾಮಾನ್ಯವಾಗಿ ಹೊರಗುಳಿಯುತ್ತಾರೆ. ಔಷಧ ಅಂಗಡಿಗೆ ಬಂದ ಮೇಲೆ ಅದನ್ನು ಕೊಳ್ಳುವವರಲ್ಲಿ ಇವರೂ ಇರುತ್ತಾರೆ. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು ಮೂರೂ ಇರುವ ನಮ್ಮ ಮನೆಯ ಹಿರಿಯರಂಥವರ ಮೇಲೆ ಆ ಗುಳಿಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ತಿಳಿಯುವುದು ಅವರು ಅದನ್ನು ನುಂಗಿದ ಮೇಲೆಯೇ.

ಅಪರೂಪದ್ದು ಮಾತ್ರ ತಪ್ಪಿಸಿಕೊಳ್ಳುತ್ತದೆ ಎಂದೂ ಇಲ್ಲ. ಬ್ರೆಜಿಲ್‌ನ ಮಂಡಲದ ಹಾವಿನ ಜಾತಿಯೊಂದರ ವಿಷದಲ್ಲಿ ಸಿಕ್ಕ ಸುಳಿವಿನಿಂದ ಬೆಳೆದುಬಂದ ಕ್ಯಾಪ್ಟೋಪ್ರಿಲ್ 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅಮ್ಮನ ಎನಲಾಪ್ರಿಲ್, ಈಗ ಹೆಚ್ಚು ಬರೆಯುವ ರಾಮಿಪ್ರಿಲ್ ಇವೆಲ್ಲ ಅದೇ ಬಳಗ. ಹೆಸರಿನ ಕೊನೆಗೆ ‘ಪ್ರಿಲ್’ ಇದ್ದರೆ ಆ ಮನೆತನದ್ದೇ ಎಂದು ತಿಳಿಯಬಹುದು. ರಕ್ತನಾಳವನ್ನು ಬಿಗಿ ಮಾಡುವ ವಸ್ತುವನ್ನು ತಯಾರಿಸುವ ಕಿಣ್ವವನ್ನು ಇವು ತಡೆಯುತ್ತವೆ, ಬಿ.ಪಿ. ಇಳಿಯುತ್ತದೆ. ಆದರೆ ಬ್ರಾಡಿಕೈನಿನ್ ಎಂಬ ಇನ್ನೊಂದು ವಸ್ತುವನ್ನು ಒಡೆದುಹಾಕುವ ಕೆಲಸವೂ ಅದೇ ಕಿಣ್ವದ್ದು. ಕಿಣ್ವಕ್ಕೆ ತಡೆ ಬಿದ್ದರೆ ಬ್ರಾಡಿಕೈನಿನ್ ಉಸಿರುನಾಳದಲ್ಲಿ ಕೂಡಿಕೊಂಡು ಕೆಮ್ಮಿನ ನರಗಳನ್ನು ಕೆಣಕುತ್ತದೆ. ಈ ಗುಳಿಗೆ ನುಂಗುವ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚಾಗಿ, ಒಣಕೆಮ್ಮು ಬರುತ್ತದೆ. ಇಷ್ಟು ಸಾಮಾನ್ಯವಾದ ಕೆಮ್ಮು ಔಷಧಕ್ಕೆ ಅಂಟಿಕೊಂಡಿದೆ ಎಂಬುದು ಬಯಲಾದದ್ದು 1980ರ ದಶಕದ ನಡುವಿನಲ್ಲಿ, ವೈದ್ಯರು ತಮ್ಮ ರೋಗಿಗಳ ಬಗ್ಗೆ ಪತ್ರಿಕೆಗಳಿಗೆ ಬರೆದ ವರದಿಗಳಿಂದ. ಕೆಮ್ಮು ಯಾರಿಗೆ ತಾನೇ ಬರುವುದಿಲ್ಲ? ಬಿ.ಪಿ. ಗುಳಿಗೆಗೂ ಅದಕ್ಕೂ ನಂಟಿರಬಹುದೆಂದು ಮೊದಲು ಯಾರಿಗೂ ಹೊಳೆದಿರಲಿಲ್ಲ, ನನಗೆ ಹೊಳೆಯದಿದ್ದ ಹಾಗೆಯೇ.

ಗುಣ ಹೆಚ್ಚಾಗಿ ಕೆಡುವುದು, ಊಹೆಗೆ ಸಿಗದೆ ಕೆಡುವುದು

ಸಂಶೋಧಕರು ಪ್ರತಿಕೂಲ ಪರಿಣಾಮಗಳನ್ನು ಮುಖ್ಯವಾಗಿ ಎರಡು ಗುಂಪು ಮಾಡುತ್ತಾರೆ. ಬ್ರಿಟನ್ನಿನ ರಾಲಿನ್ಸ್ ಮತ್ತು ಥಾಂಪ್ಸನ್ 1977ರಲ್ಲಿ ಹಾಕಿಕೊಟ್ಟ ವಿಂಗಡಣೆ ಇದು.

‘ಎ’ ಗುಂಪಿನವು ಔಷಧದ ಗುಣವೇ ಮಿತಿಮೀರಿ ಆಗುವಂಥವು. ಸಕ್ಕರೆ ಇಳಿಸುವ ಗುಳಿಗೆ ನುಂಗಿ ಊಟ ತಪ್ಪಿಸಿದರೆ ಸಕ್ಕರೆ ಪಾತಾಳಕ್ಕಿಳಿದು ಕಣ್ಣು ಕತ್ತಲೆ ಬರುವುದು, ರಕ್ತ ತೆಳುವಾಗಿಸುವ ಗುಳಿಗೆಯಿಂದ ವಸಡಿನಲ್ಲಿ ರಕ್ತ ಒಸರುವುದು, ನೋವಿನ ಗುಳಿಗೆಯಿಂದ ಹೊಟ್ಟೆಯಲ್ಲಿ ಹುಣ್ಣಾಗುವುದು ಇದಕ್ಕೆ ಉದಾಹರಣೆ. ಪ್ರಮಾಣ ಹೆಚ್ಚಿದಷ್ಟೂ ಇವು ಹೆಚ್ಚುತ್ತವೆ. ಇವನ್ನು ಮೊದಲೇ ಊಹಿಸಬಹುದು, ಬಹಳಷ್ಟು ಸಲ ತಪ್ಪಿಸಲೂಬಹುದು.

‘ಬಿ’ ಗುಂಪಿನವು ಔಷಧದ ಗುಣದಿಂದ ಊಹಿಸಲಾಗದವು. ಪೆನಿಸಿಲಿನ್ ಚುಚ್ಚಿದೊಡನೆ ಕೆಲವರಿಗೆ ಉಸಿರು ಕಟ್ಟುವುದು, ಫಿಟ್ಸ್ ಗುಳಿಗೆಯಿಂದ ಕೆಲವರ ಚರ್ಮವೇ ಸುಲಿದುಬರುವುದು ಈ ಬಗೆಯವು. ಇವು ವಿರಳ, ಆದರೆ ಜೀವಕ್ಕೇ ಎರವಾಗಬಹುದು.

ಹೆಚ್ಚು ಜನರನ್ನು ಆಸ್ಪತ್ರೆಗೆ ತಂದು ಹಾಕುವುದು ಮೊದಲನೆಯ ಗುಂಪು. ಮುನೀರ್ ಪೀರ್‌ಮೊಹಮದ್ ಎಂಬ ಔಷಧಶಾಸ್ತ್ರಜ್ಞರು ಲಿವರ್‌ಪೂಲ್ ಪ್ರದೇಶದ ಎರಡು ಆಸ್ಪತ್ರೆಗಳಲ್ಲಿ ತಮ್ಮ ತಂಡದೊಂದಿಗೆ ಆರು ತಿಂಗಳು ಕೂತು, ದಾಖಲಾದ 18,820 ರೋಗಿಗಳ ವಿವರ ಪರಿಶೀಲಿಸಿದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ 1,225 ದಾಖಲಾತಿಗಳಿಗೆ, ಅಂದರೆ ಶೇ 6.5ಕ್ಕೆ, ಔಷಧದ ಪ್ರತಿಕೂಲ ಪರಿಣಾಮದ ನಂಟಿತ್ತು. ಅದಕ್ಕೆ ಕಾರಣವಾದವು ಹೊಸ ವಿಚಿತ್ರ ಔಷಧಗಳಲ್ಲ. ಆಸ್ಪಿರಿನ್, ಇತರ ನೋವಿನ ಗುಳಿಗೆಗಳು, ನೀರು ಇಳಿಸುವ ಗುಳಿಗೆಗಳು, ರಕ್ತ ತೆಳುವಾಗಿಸುವ ವಾರ್ಫರಿನ್, ಹೀಗೆ ಮನೆಮನೆಯ ಕಪಾಟಿನಲ್ಲಿ ಇರುವಂಥವೇ ಮುಂಚೂಣಿಯಲ್ಲಿದ್ದವು. ಆ ಪರಿಣಾಮಗಳಲ್ಲಿ ಹೆಚ್ಚಿನವನ್ನು ತಪ್ಪಿಸಬಹುದಿತ್ತು ಎಂಬುದು ಅವರ ತೀರ್ಮಾನ. ಮಂಡಿನೋವಿಗೆಂದು ಅಂಗಡಿಯಿಂದ ತಂದ ಗುಳಿಗೆಯನ್ನು ವರ್ಷಗಟ್ಟಲೆ ನುಂಗುವ ನಮ್ಮ ಹಳ್ಳಿಯ ಹಿರಿಯರನ್ನು ನೋಡಿದವರಿಗೆ ಈ ಮಾತು ಎಷ್ಟು ಹತ್ತಿರದ್ದೆಂದು ಗೊತ್ತಾಗುತ್ತದೆ.

ಅನುಮಾನವನ್ನು ತೂಗುವ ಹತ್ತು ಪ್ರಶ್ನೆ

ಗುಳಿಗೆ ನುಂಗಿದ ಮೇಲೆ ಆದದ್ದೆಲ್ಲ ಗುಳಿಗೆಯಿಂದಲೇ ಆದದ್ದಲ್ಲ. ಜ್ವರಕ್ಕೆ ಗುಳಿಗೆ ನುಂಗಿದವರ ಮೈಮೇಲೆ ದದ್ದು ಎದ್ದರೆ ಅದು ಗುಳಿಗೆಯದೋ ಡೆಂಗಿಯದೋ? ಇದನ್ನು ಬಿಡಿಸಲು ಟೊರೊಂಟೊದ ನರಾಂಜೊ ಮತ್ತು ಸಂಗಡಿಗರು 1981ರಲ್ಲಿ ಹತ್ತು ಪ್ರಶ್ನೆಗಳ ಒಂದು ತಕ್ಕಡಿ ಕೊಟ್ಟರು. ಪ್ರತಿ ಉತ್ತರಕ್ಕೂ ಅಂಕ. ಒಟ್ಟು 9 ಅಥವಾ ಹೆಚ್ಚಾದರೆ ‘ಖಚಿತ’, 5ರಿಂದ 8 ಇದ್ದರೆ ‘ಬಹುಪಾಲು ಹೌದು’, 1ರಿಂದ 4 ಇದ್ದರೆ ‘ಇರಬಹುದು’, ಸೊನ್ನೆ ಅಥವಾ ಅದಕ್ಕಿಂತ ಕಡಿಮೆಯಾದರೆ ‘ಸಂದೇಹ’. ಔಷಧಗಳ ಮೇಲೆ ನಿಗಾ ಇಡುವ ನಮ್ಮ ದೇಶದ ಕಾರ್ಯಕ್ರಮದಲ್ಲಿ ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡವನ್ನು. ಅದೂ ಬಹುಮಟ್ಟಿಗೆ ಇಂಥವೇ ಪ್ರಶ್ನೆಗಳ ಮೇಲೆ ನಿಂತಿದೆ.

ಅಮ್ಮನ ಕೆಮ್ಮನ್ನೇ ಈ ತಕ್ಕಡಿಗೆ ಹಾಕಿ ನೋಡೋಣ.

ಈ ಔಷಧದಿಂದ ಹೀಗಾಗುತ್ತದೆಂದು ಹಿಂದೆ ದೃಢವಾದ ವರದಿಗಳಿವೆಯೇ? ಇವೆ. ಒಂದು ಅಂಕ. ಔಷಧ ಶುರುವಾದ ಮೇಲೆ ತೊಂದರೆ ಬಂತೇ? ಹೌದು, ಕ್ಯಾಲೆಂಡರ್ ಸಾಕ್ಷಿ. ಎರಡು ಅಂಕ. ನಿಲ್ಲಿಸಿದ ಮೇಲೆ ಕಡಿಮೆಯಾಯಿತೇ? ಆಯಿತು. ಒಂದು ಅಂಕ. ಅದೇ ಔಷಧವನ್ನು ಮತ್ತೆ ಕೊಟ್ಟಾಗ ತೊಂದರೆ ಮರುಕಳಿಸಿತೇ? ಕೊಟ್ಟು ನೋಡಲಿಲ್ಲ. ಸೊನ್ನೆ. ಬೇರೆ ಯಾವುದಾದರೂ ಕಾರಣ ಇದ್ದಿರಬಹುದೇ? ಎಕ್ಸ್‌ರೇ ಸ್ವಚ್ಛವಾಗಿತ್ತು, ಕ್ಷಯವಿಲ್ಲ, ಅಸ್ತಮಾ ಇಲ್ಲ. ಎರಡು ಅಂಕ. ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟಾಗಲೂ ಹೀಗಾಯಿತೇ, ರಕ್ತದಲ್ಲಿ ಔಷಧದ ಮಟ್ಟ ಅಪಾಯ ಮೀರಿತ್ತೇ, ಪ್ರಮಾಣ ಏರಿಳಿದಂತೆ ತೊಂದರೆಯೂ ಏರಿಳಿಯಿತೇ, ಇದೇ ಬಗೆಯ ಔಷಧದಿಂದ ಹಿಂದೊಮ್ಮೆ ಹೀಗಾಗಿತ್ತೇ, ಪರೀಕ್ಷೆಯಲ್ಲಿ ಕಣ್ಣಿಗೆ ಕಾಣುವ ಪುರಾವೆ ಇದೆಯೇ? ಈ ಐದಕ್ಕೂ ಅಮ್ಮನ ವಿಷಯದಲ್ಲಿ ಉತ್ತರವಿರಲಿಲ್ಲ. ಒಟ್ಟು 6 ಅಂಕ: ‘ಬಹುಪಾಲು ಹೌದು’.

ಮತ್ತೆ ಎನಲಾಪ್ರಿಲ್ ಕೊಟ್ಟು ಕೆಮ್ಮು ಮರಳಿದ್ದರೆ ಇನ್ನೂ ಎರಡು ಅಂಕ ಸೇರಿ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಆದರೆ ಪುರಾವೆಗಾಗಿ ರೋಗಿಗೆ ನೋವು ಕೊಡುವುದು ಸರಿಯಲ್ಲ. ಚರ್ಮ ಸುಲಿದ, ಉಸಿರು ಕಟ್ಟಿದ ಪ್ರಕರಣಗಳಲ್ಲಿ ಹಾಗೆ ಕೊಟ್ಟುನೋಡುವುದು ಕೊಲೆಗೆ ಸಮ.

ಈ ಹತ್ತು ಪ್ರಶ್ನೆಗಳನ್ನು ಇನ್ನೊಮ್ಮೆ ಓದಿ ನೋಡಿ. ಅರ್ಧಕ್ಕಿಂತ ಹೆಚ್ಚಿನವಕ್ಕೆ ಉತ್ತರ ಇರುವುದು ಪ್ರಯೋಗಾಲಯದಲ್ಲಿ ಅಲ್ಲ, ರೋಗಿಯ ಮತ್ತು ಮನೆಯವರ ನೆನಪಿನಲ್ಲಿ. ಯಾವತ್ತು ಶುರು, ಯಾವತ್ತು ನಿಂತಿತು, ಹಿಂದೆ ಆಗಿತ್ತೇ, ಜೊತೆಗೆ ಬೇರೆ ಏನು ತೆಗೆದುಕೊಂಡಿರಿ?

ಒಂದು ಪುಟ್ಟ ಪತ್ರ ಮಾಡಿದ ಕೆಲಸ

ಹೀಗೆ ಅನುಮಾನವನ್ನು ಬರೆದಿಡಲು ಒಂದು ವ್ಯವಸ್ಥೆ ಬೇಕೆಂಬುದನ್ನು ಜಗತ್ತು ಕಲಿತದ್ದು ತುಂಬ ದೊಡ್ಡ ಬೆಲೆ ತೆತ್ತ ಮೇಲೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ದೆಗುಳಿಗೆ ಮಾರಾಟಕ್ಕೆ ಬಂತು. ಸುರಕ್ಷಿತ ಎಂದೇ ಹೆಸರಾಗಿ ಹತ್ತಾರು ದೇಶಗಳಿಗೆ ಹರಡಿತು. ಬಸುರಿಯರು ಬೆಳಗಿನ ವಾಕರಿಕೆಗೂ ಅದನ್ನೇ ನುಂಗಿದರು.

ಸ್ಕಾಟ್ಲೆಂಡಿನ ಟರಿಫ್ ಎಂಬ ಸಣ್ಣ ಊರಿನ ವೈದ್ಯ ಲೆಸ್ಲಿ ಫ್ಲಾರೆನ್ಸ್ ತಮ್ಮ ನಾಲ್ವರು ರೋಗಿಗಳಲ್ಲಿ ಕೈಕಾಲು ಜೋಮು ಹಿಡಿಯುವುದನ್ನು ಗಮನಿಸಿದರು. ನಾಲ್ವರೂ ಬಹುಕಾಲ ಥಾಲಿಡೊಮೈಡ್ ನುಂಗಿದವರು. 1960ರ ಡಿಸೆಂಬರ್ 31ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರದೊಂದು ಪುಟ್ಟ ಪತ್ರ ಅಚ್ಚಾಯಿತು. ಅದರ ತಲೆಬರಹವೇ ಒಂದು ಪ್ರಶ್ನೆ: ಇದಕ್ಕೆ ಥಾಲಿಡೊಮೈಡ್ ಕಾರಣವೇ? ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಅದೇ ಔಷಧದ ಅರ್ಜಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಯ ಮೇಜಿನ ಮೇಲಿತ್ತು. ಕಂಪನಿಯ ಒತ್ತಡಕ್ಕೆ ಮಣಿಯದೆ ಇನ್ನಷ್ಟು ಮಾಹಿತಿ ಕೇಳುತ್ತಿದ್ದ ಅವರ ಕಣ್ಣಿಗೆ ಈ ಪತ್ರ ಬಿತ್ತು. ನರಕ್ಕೆ ಹಾನಿ ಮಾಡುವ ಔಷಧ ಹೊಟ್ಟೆಯೊಳಗಿನ ಕೂಸಿಗೆ ಏನು ಮಾಡೀತು ಎಂದು ಅವರು ಕೇಳಿದರು, ಒಪ್ಪಿಗೆ ಕೊಡಲಿಲ್ಲ.

1961ರ ನವೆಂಬರ್‌ನಲ್ಲಿ ಹ್ಯಾಂಬರ್ಗ್‌ನ ಮಕ್ಕಳ ತಜ್ಞ ವಿಡುಕಿಂಡ್ ಲೆಂಟ್ಸ್, ಅದೇ ಹೊತ್ತಿಗೆ ಆಸ್ಟ್ರೇಲಿಯಾದ ವಿಲಿಯಂ ಮೆಕ್‌ಬ್ರೈಡ್, ಕೈಕಾಲು ಬೆಳೆಯದೆ ಹುಟ್ಟುತ್ತಿದ್ದ ಕೂಸುಗಳಿಗೂ ಆ ಗುಳಿಗೆಗೂ ಇರುವ ನಂಟನ್ನು ಎತ್ತಿ ತೋರಿದರು. ಆ ತಿಂಗಳ ಕೊನೆಗೆ ಜರ್ಮನಿಯಲ್ಲಿ ಔಷಧ ಅಂಗಡಿಯಿಂದ ಮರೆಯಾಯಿತು. ಜಗತ್ತಿನಲ್ಲಿ ಒಟ್ಟು ಸುಮಾರು 10,000 ಮಕ್ಕಳು ಅದರ ಗುರುತು ಹೊತ್ತು ಹುಟ್ಟಿದರು.

ಫ್ಲಾರೆನ್ಸ್ ಅವರಿಗೆ ಖಚಿತವಾಗಿ ಏನೂ ಗೊತ್ತಿರಲಿಲ್ಲ. ಕೂಸುಗಳ ವಿಷಯವಂತೂ ಅವರ ಕಲ್ಪನೆಯಲ್ಲೂ ಇರಲಿಲ್ಲ. ನಾಲ್ಕು ಜನರ ಜೋಮನ್ನು ಕಂಡು ಅನುಮಾನವನ್ನಷ್ಟೇ ಬರೆದರು. ಅದು ಸಾಕಾಯಿತು.

ಆ ಹಾಳೆಯ ಪ್ರಯಾಣ

ಥಾಲಿಡೊಮೈಡ್‌ನ ಪಾಠದಿಂದ ಬ್ರಿಟನ್ 1964ರಲ್ಲಿ ‘ಹಳದಿ ಕಾರ್ಡ್’ ಪದ್ಧತಿ ಶುರುಮಾಡಿತು. ವೈದ್ಯರು ಅನುಮಾನ ಬಂದ ಪ್ರಕರಣವನ್ನು ಹಳದಿ ಬಣ್ಣದ ಕಾರ್ಡಿನಲ್ಲಿ ಬರೆದು ಕಳಿಸುತ್ತಿದ್ದರು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ದೇಶಗಳನ್ನು ಕೂಡಿಸಿ ಅಂತರರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 1978ರಿಂದ ಅದರ ಕೇಂದ್ರ ಸ್ವೀಡನ್ನಿನ ಉಪ್ಸಾಲಾದಲ್ಲಿದೆ. ಭಾರತ 1998ರಲ್ಲಿ ಅದರ ಸದಸ್ಯವಾಯಿತು. ನಮ್ಮದೇ ‘ಫಾರ್ಮಕೋವಿಜಿಲೆನ್ಸ್ ಪ್ರೋಗ್ರಾಮ್ ಆಫ್ ಇಂಡಿಯಾ’, ಅಂದರೆ ಔಷಧಗಳ ಮೇಲೆ ನಿಗಾ ಇಡುವ ರಾಷ್ಟ್ರೀಯ ಕಾರ್ಯಕ್ರಮ, 2010ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಆರಂಭವಾಗಿ ಮರುವರ್ಷ ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯಾ ಆಯೋಗಕ್ಕೆ ಬಂತು. ದೇಶದ ನೂರಾರು ವೈದ್ಯಕೀಯ ಕಾಲೇಜು, ಆಸ್ಪತ್ರೆಗಳಲ್ಲಿ ಅದರ ನಿಗಾ ಕೇಂದ್ರಗಳಿವೆ. ಕರ್ನಾಟಕದಲ್ಲೂ ಹಲವು ಇವೆ. ವಾರ್ಡಿಗೇ ಹೋಗಿ ಔಷಧದ ಬಳಕೆಯನ್ನು ಗಮನಿಸುವ ಕ್ಲಿನಿಕಲ್ ಫಾರ್ಮಸಿಯನ್ನು ನಮ್ಮ ದೇಶದಲ್ಲಿ ಮೊದಮೊದಲು ಕಲಿಸತೊಡಗಿದ ಸಂಸ್ಥೆಗಳಲ್ಲಿ ಮೈಸೂರಿನ ಜೆಎಸ್‌ಎಸ್ ಒಂದು.

ಈ ಕೇಂದ್ರಗಳವರು ಯಾರಾದರೂ ಬಂದು ಹೇಳಲಿ ಎಂದು ಕಾಯುತ್ತ ಕೂರುವುದಿಲ್ಲ. ಬೆಳಿಗ್ಗೆ ವಾರ್ಡಿನಲ್ಲಿ ಕೇಸ್‌ಶೀಟ್ ತಿರುವುತ್ತಾರೆ. ನಿನ್ನೆವರೆಗೆ ಇದ್ದ ಔಷಧವೊಂದರ ಮೇಲೆ ಏಕಾಏಕಿ ಗೆರೆ ಎಳೆದಿದೆಯೇ? ಕಾರಣ ಬರೆಯದೆ, ಅಲರ್ಜಿಗೆ ಕೊಡುವ ಏವಿಲ್ ಇಂಜೆಕ್ಷನ್ ಕೊಟ್ಟಿದ್ದಾರೆಯೇ? ರಾತ್ರಿ ಮೂರು ಗಂಟೆಗೆ ಗ್ಲೂಕೋಸ್ ಏರಿಸಿದ್ದಾರೆಯೇ? ಒಂದೊಂದು ಗೆರೆಯ ಹಿಂದೆಯೂ ಹೇಳದೆ ಉಳಿದ ಸಂಗತಿ ಇರಬಹುದು. ಆಮೇಲೆ ಹಾಸಿಗೆಯ ಪಕ್ಕ ಕೂತು ವಿಚಾರಿಸುತ್ತಾರೆ. ಫಾರಂ ತುಂಬಲು ಮುಖ್ಯವಾಗಿ ಬೇಕಾದ್ದು ನಾಲ್ಕು ವಿವರ: ಗುರುತಿಸಬಹುದಾದ ಒಬ್ಬ ರೋಗಿ (ಹೆಸರಿನ ಮೊದಲಕ್ಷರ, ವಯಸ್ಸು ಸಾಕು), ಆದ ತೊಂದರೆ, ಅನುಮಾನದ ಔಷಧ, ವರದಿ ಮಾಡುವವರು. ಜೊತೆಗೆ ತೆಗೆದುಕೊಂಡ ನಾಟಿ ಔಷಧ, ಅಂಗಡಿಯಿಂದ ತಾವೇ ತಂದ ಗುಳಿಗೆ ಇವನ್ನು ಬರೆಯಲೂ ಜಾಗವಿದೆ. ರೋಗಿಯ ಗುರುತನ್ನು ಗುಟ್ಟಾಗಿಡುತ್ತಾರೆ. ವರದಿ ಮಾಡಿದರೆಂದು ವೈದ್ಯರ ಮೇಲೆ ತಪ್ಪು ಹೊರಿಸುವುದಿಲ್ಲ.

ಕೇಂದ್ರದಿಂದ ಗಾಜಿಯಾಬಾದ್, ಅಲ್ಲಿಂದ ಉಪ್ಸಾಲಾ. ಅಲ್ಲಿನ ‘ವಿಜಿಬೇಸ್’ ಎಂಬ ಭಂಡಾರದಲ್ಲಿ ಈಗ 3 ಕೋಟಿಗೂ ಹೆಚ್ಚು ವರದಿಗಳಿವೆ. ಅಮ್ಮನ ಕೆಮ್ಮಿನ ಹಾಳೆ ಹೊರಟದ್ದೂ ಇದೇ ದಾರಿಯಲ್ಲಿ.

ರಾಶಿಯಲ್ಲಿ ಸುಳಿವು ಹುಡುಕುವುದು

ಇಷ್ಟು ದೊಡ್ಡ ರಾಶಿಯಲ್ಲಿ ಹೊಸ ಅಪಾಯವನ್ನು ಪತ್ತೆ ಹಚ್ಚುವುದು ಹೇಗೆ? ಸಂಶೋಧಕರು ಅನುಪಾತ ನೋಡುತ್ತಾರೆ. ಲೆಕ್ಕಕ್ಕೆಂದು ಹೀಗೆ ಹಿಡಿಯೋಣ: ಭಂಡಾರದಲ್ಲಿ ಬೇರೆಲ್ಲ ಔಷಧಗಳ ವರದಿಗಳಲ್ಲಿ ನೂರಕ್ಕೆ ಒಂದರಲ್ಲಿ ಯಕೃತ್ತಿನ ತೊಂದರೆಯ ಮಾತಿದೆ. ಒಂದು ನಿರ್ದಿಷ್ಟ ಔಷಧದ ವರದಿಗಳಲ್ಲಿ ಮಾತ್ರ ನೂರಕ್ಕೆ ಆರರಲ್ಲಿ ಅದೇ ದೂರು. ಆರು ಪಟ್ಟು ಹೆಚ್ಚು. ಕನಿಷ್ಠ ಮೂರು ಪ್ರಕರಣವಿದ್ದು, ಅನುಪಾತ ಎರಡು ಪಟ್ಟು ಮೀರಿ, ಅದು ಆಕಸ್ಮಿಕವಲ್ಲವೆಂದು ಸಂಖ್ಯಾಶಾಸ್ತ್ರ ಹೇಳಿದರೆ ಅದನ್ನು ‘ಸಿಗ್ನಲ್’ ಎಂದು ಎತ್ತಿಕೊಳ್ಳುವ ಒಂದು ರೂಢಿಯಿದೆ. ಆಮೇಲೆ ಕಂಪ್ಯೂಟರ್ ಬಿಟ್ಟು ಮನುಷ್ಯರು ಒಂದೊಂದೇ ಪ್ರಕರಣವನ್ನು ಓದುತ್ತಾರೆ: ತಾರೀಕುಗಳು ಹೊಂದುತ್ತವೆಯೇ, ಬೇರೆ ಕಾರಣ ಇದೆಯೇ, ನಿಲ್ಲಿಸಿದಾಗ ಏನಾಯಿತು?

ಸಾಮಾನ್ಯ ಕೆಮ್ಮಿನ ವರದಿಯೂ ಯಾಕೆ ಬೇಕೆಂಬುದು ಇಲ್ಲಿ ತಿಳಿಯುತ್ತದೆ. ಹೋಲಿಸಲು ತಕ್ಕಡಿಯ ಇನ್ನೊಂದು ತಟ್ಟೆಯೂ ತುಂಬಿರಬೇಕು. ಅದಕ್ಕೇ ನಮ್ಮ ಕಾರ್ಯಕ್ರಮ ಗೊತ್ತಿರುವುದು, ಗೊತ್ತಿಲ್ಲದ್ದು, ಸಣ್ಣದು, ದೊಡ್ಡದು ಎಲ್ಲವನ್ನೂ ಬರೆಯಿರಿ ಎನ್ನುತ್ತದೆ.

ನಮ್ಮ ವರದಿಗಳಿಂದಲೇ ಹುಟ್ಟಿದ ಒಂದು ಎಚ್ಚರಿಕೆ 2023ರ ನವೆಂಬರ್ ಕೊನೆಯದು. ಮುಟ್ಟಿನ ಹೊಟ್ಟೆನೋವಿಗೆ, ಹಲ್ಲುನೋವಿಗೆ ದೇಶದಾದ್ಯಂತ ಬಳಸುವ ಮೆಫೆನಮಿಕ್ ಆಸಿಡ್ ‘ಡ್ರೆಸ್ ಸಿಂಡ್ರೋಮ್’ ತರಬಹುದು, ಗಮನವಿಡಿ ಎಂದು ಆಯೋಗ ವೈದ್ಯರಿಗೂ ಜನರಿಗೂ ತಿಳಿಸಿತು. ಜ್ವರ, ಮೈತುಂಬ ದದ್ದು, ಊದಿದ ಗ್ರಂಥಿಗಳು, ಒಳಗೆ ಯಕೃತ್ತಿಗೋ ಮೂತ್ರಪಿಂಡಕ್ಕೋ ಪೆಟ್ಟು, ಇದು ಆ ತೊಂದರೆಯ ರೂಪ. ಸಾಮಾನ್ಯವಾಗಿ ಔಷಧ ಶುರುವಾದ ಎರಡರಿಂದ ಎಂಟು ವಾರದೊಳಗೆ ಕಾಣಿಸುತ್ತದೆ. ಅಷ್ಟು ಹೊತ್ತಿಗೆ ಗುಳಿಗೆಯ ಖಾಲಿ ಪಟ್ಟಿ ಕಸಕ್ಕೆ ಹೋಗಿರುತ್ತದೆ, ಮಳೆಗಾಲವಾದರೆ ಜ್ವರ-ದದ್ದು ಎಂದೊಡನೆ ಡೆಂಗಿಯ ನೆನಪಾಗುತ್ತದೆ. ವಾರಗಳ ಹಿಂದಿನ ಗುಳಿಗೆಯನ್ನು ಯಾರಾದರೂ ನೆನಪಿಟ್ಟು ಹೇಳಿದರೆ ಮಾತ್ರ ಇಂಥ ಎಚ್ಚರಿಕೆ ಸಾಧ್ಯ. ಈ ಎಚ್ಚರಿಕೆ ಆ ಗುಳಿಗೆಯ ನಿಷೇಧವಲ್ಲ. ನುಂಗುವವರು ಯಾವುದರ ಮೇಲೆ ಕಣ್ಣಿಡಬೇಕೆಂದು ಹೇಳುವ ಮಾತು.

ಈ ಪದ್ಧತಿಗೆ ದೊಡ್ಡ ಕೊರತೆಯೂ ಇದೆ. ಎಷ್ಟು ಜನ ಔಷಧ ನುಂಗಿದರು ಎಂಬ ಲೆಕ್ಕ ವರದಿಗಳಲ್ಲಿ ಇರುವುದಿಲ್ಲ. ಆದ್ದರಿಂದ ‘ಲಕ್ಷಕ್ಕೆ ಇಷ್ಟು ಜನರಿಗೆ’ ಎಂದು ಇವುಗಳಿಂದ ಹೇಳಲಾಗದು. ಅದಕ್ಕಿಂತ ಮಿಗಿಲಾದದ್ದು ಮೌನ. 12 ದೇಶಗಳ 37 ಅಧ್ಯಯನಗಳನ್ನು ಒಟ್ಟಿಗಿಟ್ಟು 2006ರಲ್ಲಿ ಪ್ರಕಟವಾದ ಅವಲೋಕನದಂತೆ, ಆದ ಪ್ರತಿಕೂಲ ಪರಿಣಾಮಗಳಲ್ಲಿ ವರದಿಯಾಗದೇ ಉಳಿಯುವ ಮಧ್ಯಾಂಕ (ಮೀಡಿಯನ್) ಪ್ರಮಾಣ ಶೇ 94. ನಾವು ‘ಉಷ್ಣ ಆಯ್ತು, ಮಜ್ಜಿಗೆ ಕುಡಿದರೆ ಸರಿಹೋಗುತ್ತೆ’ ಎಂದು ಸುಮ್ಮನಾದದ್ದೆಲ್ಲ ಈ ಮೌನದ ಪಾಲು.

ಸುಳಿವಿನಿಂದ ತಡೆಯವರೆಗೆ

ಸಿಗ್ನಲ್ ಸಿಕ್ಕ ಮೇಲೆ ‘ಇವರಿಗೇ ಯಾಕೆ?’ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಸಿಕ್ಕ ಒಳ್ಳೆಯ ಉತ್ತರಗಳಲ್ಲೊಂದು ತೈವಾನಿನದು. ಫಿಟ್ಸ್‌ಗೆ, ಮುಖದ ನರನೋವಿಗೆ ಕೊಡುವ ಕಾರ್ಬಮಜೆಪಿನ್‌ನಿಂದ ಕೆಲವರಿಗೆ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಬರುತ್ತದೆ. ಬಾಯಿ, ಕಣ್ಣುಗಳಲ್ಲಿ ಹುಣ್ಣು, ಸುಟ್ಟಂತೆ ಸುಲಿಯುವ ಚರ್ಮ. ಯುವಾನ್-ತ್ಸಾಂಗ್ ಚೆನ್ ಅವರ ತಂಡ 2004ರಲ್ಲಿ ಹೀಗೆ ನರಳಿದ 44 ರೋಗಿಗಳ ರಕ್ತ ಪರೀಕ್ಷಿಸಿದಾಗ 44 ಜನರಲ್ಲೂ ಎಚ್‌ಎಲ್‌ಎ-ಬಿ*15:02 ಎಂಬ ಒಂದೇ ಜೀನ್ ರೂಪ ಸಿಕ್ಕಿತು. ಅದೇ ಗುಳಿಗೆ ನುಂಗಿ ಚೆನ್ನಾಗಿದ್ದ 101 ಜನರಲ್ಲಿ ಅದು ಇದ್ದದ್ದು ಮೂವರಲ್ಲಿ ಮಾತ್ರ.

ಮುಂದಿನ ಹೆಜ್ಜೆ ಸಹಜವಾಗಿತ್ತು. ಗುಳಿಗೆ ಕೊಡುವ ಮೊದಲೇ ರಕ್ತ ನೋಡಿದರೆ? ತೈವಾನಿನ 23 ಆಸ್ಪತ್ರೆಗಳಲ್ಲಿ 4,877 ಜನರನ್ನು ಪರೀಕ್ಷಿಸಿ, ಆ ಜೀನ್ ಇದ್ದ ಶೇ 7.7ರಷ್ಟು ಜನಕ್ಕೆ ಬೇರೆ ಔಷಧ ಕೊಟ್ಟರು. ಹಿಂದಿನ ಲೆಕ್ಕದಂತೆ ಸುಮಾರು ಹತ್ತು ಜನ ನರಳಬೇಕಿತ್ತು. 2011ರಲ್ಲಿ ಫಲಿತಾಂಶ ಪ್ರಕಟವಾದಾಗ ಆ ಸಂಖ್ಯೆ ಸೊನ್ನೆ. ಈ ಜೀನ್ ರೂಪ ಇರುವವರು ಭಾರತದಲ್ಲೂ ಇದ್ದಾರೆ.

ಆ ಸೊನ್ನೆಯ ಹಿಂದೆ, ಅದಕ್ಕೂ ಮೊದಲು ನರಳಿದ 44 ಜನ ಇದ್ದಾರೆ. ಅವರ ಪ್ರಕರಣಗಳನ್ನು ಯಾರೂ ಬರೆದಿಡದೆ ಹೋಗಿದ್ದರೆ, ಅವರ ರಕ್ತ ಕೇಳುವವರೂ ಇರುತ್ತಿರಲಿಲ್ಲ.

ಮನೆಯಲ್ಲಿ ನಾವು ಮಾಡಬಹುದಾದದ್ದು

ಹೊಸ ಗುಳಿಗೆ ಶುರುಮಾಡಿದ ದಿನ ಬರೆದಿಡಿ. ಕ್ಯಾಲೆಂಡರಾದರೂ ಸರಿ, ಮೊಬೈಲಾದರೂ ಸರಿ.

ಗುಳಿಗೆಯ ಪಟ್ಟಿಯಲ್ಲಿ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುದ್ರಿಸಿದ ತುದಿ ಇರುತ್ತದೆ. ಇನ್ನೊಂದು ತುದಿಯಿಂದ ಬಿಡಿಸಿ ನುಂಗಿ, ಈ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ. ಅಂಗಡಿಯಲ್ಲಿ ನಾಲ್ಕೇ ಗುಳಿಗೆ ಕತ್ತರಿಸಿ ಕೊಟ್ಟರೆ ಹೆಸರನ್ನಾದರೂ ಬರೆಸಿಕೊಳ್ಳಿ, ಅಥವಾ ಪೂರ್ತಿ ಪಟ್ಟಿಯ ಫೋಟೊ ತೆಗೆದುಕೊಳ್ಳಿ.

ವೈದ್ಯರ ಬಳಿ ಹೋಗುವಾಗ ಕಷಾಯ, ಚೂರ್ಣ, ನೋವಿನ ಗುಳಿಗೆ, ನಾಟಿ ಔಷಧ ಎಲ್ಲವನ್ನೂ ಹೇಳಿ.

ಅನುಮಾನ ಬಂತೆಂದು ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಫಿಟ್ಸ್ ಗುಳಿಗೆ, ಸ್ಟೀರಾಯ್ಡ್, ಕೆಲವು ಹೃದಯದ ಗುಳಿಗೆಗಳನ್ನು ಥಟ್ಟನೆ ನಿಲ್ಲಿಸುವುದೇ ಅಪಾಯ. ವೈದ್ಯರನ್ನು ಕೇಳಿ. ಆದರೆ ಮುಖ, ತುಟಿ, ನಾಲಿಗೆ ಊದಿದರೆ, ಉಸಿರಾಡಲು ಕಷ್ಟವಾದರೆ, ದದ್ದಿನ ಜೊತೆ ಬಾಯಿ-ಕಣ್ಣುಗಳಲ್ಲಿ ಹುಣ್ಣೆದ್ದರೆ ಮುಂದಿನ ಗುಳಿಗೆ ನುಂಗದೆ, ಪಟ್ಟಿಯನ್ನು ಕೈಯಲ್ಲಿ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ.

ವರದಿಯನ್ನು ವೈದ್ಯರು, ದಾದಿಯರು, ಫಾರ್ಮಸಿಸ್ಟ್‌ಗಳು ಮಾತ್ರವಲ್ಲ, ರೋಗಿಗಳೂ ಮನೆಯವರೂ ಕಳಿಸಬಹುದು. ಅದಕ್ಕೆಂದೇ ಬಳಕೆದಾರರ ಫಾರಂ ಕನ್ನಡದಲ್ಲೂ ಇದೆ. ಕೆಲಸದ ದಿನಗಳಲ್ಲಿ 1800-180-3024ಕ್ಕೆ ಉಚಿತವಾಗಿ ಕರೆ ಮಾಡಬಹುದು. ಹತ್ತಿರದ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಲ್ಲೂ ವಿಚಾರಿಸಬಹುದು. ಖಚಿತವಾಗಿ ಗೊತ್ತಿರಬೇಕಿಲ್ಲ. ತೂಗಿ ನೋಡುವುದು ಅವರ ಕೆಲಸ, ಹೇಳುವುದು ನಮ್ಮ ಕೆಲಸ.

ಕೊನೆಯದಾಗಿ, ಒಮ್ಮೆ ಆಗಿಬಾರದ ಔಷಧದ ಹೆಸರನ್ನು ಫೈಲಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆಸಿ. ಅಮ್ಮನ ಫೈಲಿನ ಮೇಲೆ ‘ಎನಲಾಪ್ರಿಲ್ — ಒಣಕೆಮ್ಮು’ ಎಂದಿದೆ. ಯಾವ ವೈದ್ಯರ ಹತ್ತಿರ ಹೋದರೂ ಅಮ್ಮ ಮೊದಲು ಅದನ್ನೇ ತೋರಿಸುತ್ತಾರೆ.

ಮೊನ್ನೆ ಪಕ್ಕದ ಮನೆಯ ಅಜ್ಜಿ ಬಂದು ಕಾಲು ಊದಿಕೊಂಡಿದೆ, ವಯಸ್ಸಾಯಿತಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಅಮ್ಮ ಕಾಫಿ ಲೋಟ ಅವರ ಕೈಗಿಟ್ಟು, ಎದುರಿಗೆ ಕೂತು ಕೇಳಿದರು: ‘ದಿನಾ ಯಾವ್ಯಾವ ಗುಳಿಗೆ ತಗೋತೀರಿ? ಯಾವತ್ತಿಂದ?’